ಈ ಬ್ಲಾಕ್‌ಗೆ ಬೋರಿಂಗ್ ಬೇಡ

"ಅಣ್ಣಾ, ಒಂದು ಸೈಜ್ ಬೋರ್ ಮಾಡಿಕೊಡಿ. ಪಿಸ್ಟನ್ ನಾನೇ ತರ್ತೀನಿ."

ಹೋದ ತಿಂಗಳು ಹುಡುಗನೊಬ್ಬ ಅಲ್ಯೂಮಿನಿಯಂ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್ ಇರುವ ಭಾಗ) ತಂದು ಮೇಜಿನ ಮೇಲಿಟ್ಟ. ಸಿಲಿಂಡರಿನ ಒಳಗೋಡೆ ಕೆರೆದು ಒಂದು ಅಳತೆ ದೊಡ್ಡದು ಮಾಡಬೇಕಂತೆ, ಅದೇ ಬೋರಿಂಗ್. ಕೂಲೆಂಟ್ ಖಾಲಿಯಾದದ್ದನ್ನು ನೋಡದೆ ಬೈಕ್ ಓಡಿಸಿದ್ದಾನೆ, ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗಿದೆ. ನಾನು ಬ್ಲಾಕನ್ನು ಬೋರಿಂಗ್ ಮೆಷಿನ್ ಹತ್ತಿರವೂ ಒಯ್ಯಲಿಲ್ಲ. ಅವನಿಗೆ ಬೇಜಾರಾಯಿತು.

ಆರ್‌ಎಕ್ಸ್ 100 ಆಗಿದ್ದರೆ ಅವನು ಕೇಳಿದ್ದು ಸರಿ. ಅದರ ಸಿಲಿಂಡರ್ ಒಳಗೆ ಎರಕದ ಕಬ್ಬಿಣದ ಸ್ಲೀವ್, ಅಂದರೆ ಕೊಳವೆಯಂಥ ಒಳಗೋಡೆ, ಇದೆ. ಸವೆದರೆ ಕೆರೆದು 0.25 ಮಿ.ಮೀ. ದೊಡ್ಡ ಪಿಸ್ಟನ್, ಮತ್ತೆ ಸವೆದರೆ 0.50. ಈಗಿನ ಎಷ್ಟೋ ಬೈಕ್‌ಗಳಲ್ಲಿ ಆ ಸ್ಲೀವೇ ಇಲ್ಲ. ಅಲ್ಯೂಮಿನಿಯಂ ಗೋಡೆಗೆ ನೇರವಾಗಿ ನಿಕಲ್ ಲೇಪ, ಅದರೊಳಗೆ ಸಿಲಿಕಾನ್ ಕಾರ್ಬೈಡ್‌ನ ಸಣ್ಣ ಸಣ್ಣ ಕಣ. ಸಾಣೆಕಲ್ಲಿಗೆ ಬಳಸುವುದೂ ಇದೇ ಕಾರ್ಬೈಡ್. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ಇದನ್ನು ನಿಕಾಸಿಲ್ ಅನ್ನುವ ಹೆಸರಲ್ಲಿ ತಂದಿತು.

ಲೇಪದ ದಪ್ಪ ಸಾಮಾನ್ಯವಾಗಿ 0.1 ಮಿ.ಮೀ. ಒಳಗೇ. ಒಂದು ಸೈಜ್ ಬೋರ್ ಅಂದರೆ ವ್ಯಾಸ 0.25 ಮಿ.ಮೀ. ದೊಡ್ಡದಾಗುತ್ತದೆ, ಗೋಡೆಯ ಒಂದೊಂದು ಬದಿಯಿಂದ 0.125 ಮಿ.ಮೀ. ಹೋಗುತ್ತದೆ. ಉಳಿಯುವುದು ಬರೀ ಮೆತ್ತನೆ ಅಲ್ಯೂಮಿನಿಯಂ.

ಲೇಪ ಅಂದ ತಕ್ಷಣ ಜನ ನಾನ್‌ಸ್ಟಿಕ್ ತವಾ ನೆನೆಯುತ್ತಾರೆ. ಇದು ಹಾಗಲ್ಲ. ಸಿಲಿಂಡರ್ ಗೋಡೆ ಗಟ್ಟಿಯಿರಬೇಕು, ಕಲ್ಲಿನಿಂದ ನಯವಾಗಿ ಉಜ್ಜುವ ಹೋನಿಂಗ್‌ನ ಅಡ್ಡಗೆರೆಗಳಲ್ಲಿ ಆಯಿಲ್ ಹಿಡಿದಿಟ್ಟುಕೊಳ್ಳಬೇಕು. ಜಾರುವ ಲೇಪ ಇರುವುದು ಪಿಸ್ಟನ್ ಮೇಲೆ. ಸ್ಕರ್ಟ್ ಮೇಲೆ, ಅಂದರೆ ಪಿಸ್ಟನ್ನಿನ ಕೆಳಭಾಗದ ಬದಿಯಲ್ಲಿ, ಕಪ್ಪು ಪಟ್ಟೆ ಕಾಣುತ್ತದಲ್ಲ, ಅದು ಗ್ರಾಫೈಟ್ ಅಥವಾ ಮಾಲಿಬ್ಡಿನಂ ಡೈಸಲ್ಫೈಡನ್ನು ರಾಳದಲ್ಲಿ ಕಲಸಿ ಹಾಕಿದ್ದು. ಲಗ್ನಪತ್ರಿಕೆಯ ಹಾಗೆ ಸ್ಕ್ರೀನ್ ಪ್ರಿಂಟ್ ಮಾಡುವುದೂ ಉಂಟು. ಮಸಿ ಅಂದುಕೊಂಡು ಎಮರಿ ಕಾಗದದಲ್ಲಿ ಉಜ್ಜಿಬಿಟ್ಟವರನ್ನು ನಾನು ನೋಡಿದ್ದೇನೆ!

ಸ್ಲೀವ್ ಬಿಟ್ಟದ್ದಕ್ಕೆ ತೂಕ ಒಂದೇ ಕಾರಣವಲ್ಲ. 89 ಮಿ.ಮೀ. ವ್ಯಾಸದ ಸಿಲಿಂಡರ್ 100 ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಅದರ ಅರ್ಧ. ಕಬ್ಬಿಣದೊಳಗೆ ಅಲ್ಯೂಮಿನಿಯಂ ಪಿಸ್ಟನ್ ಹಾಕಿದರೆ ಜಾಗ ಜಾಸ್ತಿ ಬಿಡಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬರುವುದು ಅದಕ್ಕೇ. ಎರಡೂ ಅಲ್ಯೂಮಿನಿಯಂ ಆದರೆ ಒಟ್ಟಿಗೆ ಹಿಗ್ಗುತ್ತವೆ, ಪಿಸ್ಟನ್ ಬಿಗಿಯಾಗಿ ಕೂರಿಸಬಹುದು.

ನಿಕಾಸಿಲ್‌ಗೂ ಶತ್ರು ಇದೆ. 1990ರ ದಶಕದಲ್ಲಿ ಬಿಎಂಡಬ್ಲ್ಯು ವಿ8 ಎಂಜಿನ್‌ಗಳಲ್ಲಿ ಲೇಪ ಸವೆದು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಬಿದ್ದುಹೋಯಿತು. ಪೆಟ್ರೋಲಿನಲ್ಲಿದ್ದ ಗಂಧಕ ಆಸಿಡ್ ಆಗಿ ನಿಕಲ್ ತಿಂದಿತ್ತು. ಎಂಜಿನ್ ಪೂರ್ತಿ ಬಿಸಿಯಾಗದ ಸಣ್ಣ ಓಡಾಟದಲ್ಲಿ ಕಾಟ ಇನ್ನೂ ಜಾಸ್ತಿ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಪೆಟ್ರೋಲ್ ಇದೆ, ಗಂಧಕ 10 ಪಿಪಿಎಂ ದಾಟುವಂತಿಲ್ಲ. ಹಾಗಾಗಿ ಆ ಭಯ ನನಗಿಲ್ಲ. ನಾನು ನೋಡುವುದೆಲ್ಲ ಕೂಲೆಂಟ್, ಆಯಿಲ್, ಏರ್ ಫಿಲ್ಟರ್ ಕಥೆಗಳೇ.

ಹುಡುಗನ ಬ್ಲಾಕ್‌ಗೆ ಬರೋಣ. ಗೋಡೆಯಲ್ಲಿ ಬೆಳ್ಳಿ ಬಣ್ಣದ ಗೆರೆಗಳಿದ್ದವು. ಅದು ಗೀರೇ ಆಗಿರಬೇಕಿಲ್ಲ. ಎಷ್ಟೋ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡಿರುತ್ತದೆ. ಗ್ಲೌಸ್ ಹಾಕಿ, ಹತ್ತಿಯ ಕಡ್ಡಿಯಲ್ಲಿ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಒಂದಿಷ್ಟೇ ಮುಟ್ಟಿಸಿದೆ. (ಮನೆಯಲ್ಲಿ ಮಾಡಬೇಡಿ, ಹೊಗೆ ಕೆಟ್ಟದ್ದು.) ಮೆತ್ತಿದ್ದು ನೊರೆಯೆದ್ದು ಕರಗುತ್ತದೆ, ಕೆಳಗೆ ಲೇಪ ಸಿಕ್ಕರೆ ನೊರೆ ನಿಲ್ಲುತ್ತದೆ. ಮೂರು ಗೆರೆಗಳಲ್ಲಿ ನಿಂತಿತು. ಎಕ್ಸಾಸ್ಟ್ ಕಡೆಯ ಒಂದರಲ್ಲಿ ಒರೆಸಿದರೂ ಮತ್ತೆ ಮತ್ತೆ ನೊರೆ. ಅಲ್ಲಿ ಲೇಪ ಕಿತ್ತುಹೋಗಿ ಆಸಿಡ್ ಬ್ಲಾಕನ್ನೇ ತಿನ್ನುತ್ತಿತ್ತು. ತಕ್ಷಣ ತೊಳೆದೆ. ಹೊಸ ಬ್ಲಾಕ್, ಪಿಸ್ಟನ್ ಎರಡನ್ನೂ ಸೆಟ್ಟಾಗಿಯೇ ತಾ ಅಂತ ಚೀಟಿ ಬರೆದುಕೊಟ್ಟೆ.