ಮಾತ್ರೆಯ ಲೆಕ್ಕ ಸಿಗುವುದು ಮೂರನೇ ದಿನ

ಉತ್ತೇಜಕ ಮಾತ್ರೆ ಶುರು ಮಾಡಿದ ನನ್ನ ರೋಗಿಯೊಬ್ಬರು ಒಂದು ಸಣ್ಣ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಸೋಮವಾರದ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದರು. ಬಟ್ಟೆ ಮಡಚಿದೆ, ಎರಡು ಫೋನ್ ಮಾಡಿದೆ, ಬೀರು ಪೂರ್ತಿ ಖಾಲಿ ಮಾಡಿ ಮತ್ತೆ ಜೋಡಿಸಿದೆ, ಸಂಜೆ ಮಹಡಿ ಹತ್ತಿ ಇಳಿದೆ. ಕೊನೆಗೆ ‘ಮಾತ್ರೆ ಕೆಲಸ ಮಾಡ್ತಿದೆ!’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಮಂಗಳವಾರ ನಾಲ್ಕು ಸಾಲು. ಬುಧವಾರ ಖಾಲಿ. ಗುರುವಾರ, ಶುಕ್ರವಾರವೂ ಖಾಲಿ. ಶನಿವಾರದ ಪುಟದಲ್ಲಿ ಬೇರೆಯವರ ಕೈಬರಹ: ‘ಇವತ್ತೂ ಕಿಟಕಿ ಪರದೆ ತೆಗೆಯಲು ಬಿಡಲಿಲ್ಲ.’

ಅವರಿಗೆ ಇರುವುದು ಎಂಇ/ಸಿಎಫ್‌ಎಸ್, ಅಂದರೆ ದೀರ್ಘಕಾಲದ ಆಯಾಸದ ಕಾಯಿಲೆ. ಈ ಹೆಸರು ನನಗೆ ಅಷ್ಟಾಗಿ ಇಷ್ಟ ಇಲ್ಲ. ‘ಆಯಾಸ’ ಅಂದ ಕೂಡಲೇ ಎದುರಿನವರು ‘ನನಗೂ ಸುಸ್ತೇ ಕಣ್ರೀ’ ಅಂದುಬಿಡುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ವರದಿ ಇದರ ಗುರುತುಗಳನ್ನು ಹೇಳಿತು. 6 ತಿಂಗಳಿಗಿಂತ ಜಾಸ್ತಿ ಕಾಲ ಕೆಲಸ ಮಾಡುವ ಶಕ್ತಿ ತುಂಬಾ ಕುಗ್ಗಿರಬೇಕು, ಎಷ್ಟು ಮಲಗಿದರೂ ನಿದ್ದೆ ಸಾಲದು, ಶ್ರಮ ಪಟ್ಟ ಮೇಲೆ ಸ್ಥಿತಿ ಕುಸಿಯಬೇಕು. ಇವುಗಳ ಜೊತೆಗೆ ಯೋಚನೆ ಮಂಕಾಗುವುದೋ ನಿಂತರೆ ತಲೆ ಹಗುರಾಗುವುದೋ ಇರಬೇಕು.

ಇದರಲ್ಲಿ ಮುಖ್ಯವಾದದ್ದು ಕುಸಿತ. ರೋಗಿಗಳು ಅದನ್ನು ‘ಕ್ರ್ಯಾಶ್’ ಅನ್ನುತ್ತಾರೆ. ಅದು ಕೆಲಸ ಮಾಡಿದ ಕೂಡಲೇ ಬರಬೇಕು ಅಂತೇನಿಲ್ಲ. ಹೆಚ್ಚಿನವರಿಗೆ 12ರಿಂದ 48 ಗಂಟೆ ಬಿಟ್ಟು ಬರುತ್ತದೆ, ಬಂದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಆ ನೋಟ್‌ಬುಕ್‌ನ ಬುಧವಾರ ಯಾಕೆ ಖಾಲಿ ಅಂತ ಈಗ ಗೊತ್ತಾಯಿತು ಅಲ್ವಾ?

ಉತ್ತೇಜಕ ಮಾತ್ರೆಗಳು ಏನು ಮಾಡುತ್ತವೆ ನೋಡೋಣ. ಮೀಥೈಲ್‌ಫೆನಿಡೇಟ್ ಮಿದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ಸುದ್ದಿ ಸಾಗಿಸುವ ರಾಸಾಯನಿಕಗಳನ್ನು ನರಕೋಶಗಳು ವಾಪಸ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಹಾಗಾಗಿ ಅವು ನರಕೋಶಗಳ ನಡುವೆ ಜಾಸ್ತಿ ಹೊತ್ತು ಉಳಿಯುತ್ತವೆ. ಆಂಫೆಟಮೈನ್ ಜಾತಿಯವು ಇನ್ನೊಂದು ಹೆಜ್ಜೆ ಮುಂದೆ, ಅವನ್ನು ಹೊರಗೆ ತಳ್ಳಿಸುತ್ತವೆ. ಮೊಡಾಫಿನಿಲ್ ಎಚ್ಚರ ಇಡುತ್ತದೆ. ನಾವು ಕುಡಿಯುವ ಕಾಫಿಯೂ ಉತ್ತೇಜಕವೇ. ದಣಿವಿನ ಸುದ್ದಿ ಹೊತ್ತು ತರುವ ಅಡಿನೊಸಿನ್‌ಗೆ ಅದು ಬಾಗಿಲು ಹಾಕುತ್ತದೆ. ಇಷ್ಟರಲ್ಲಿ ಯಾವುದೂ ಮೈಯಲ್ಲಿ ಹೊಸ ಶಕ್ತಿ ಹುಟ್ಟಿಸುವುದಿಲ್ಲ. ಪೆಟ್ರೋಲ್ ಮುಳ್ಳನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿದ ಹಾಗೆ. ಟ್ಯಾಂಕ್‌ನಲ್ಲಿ ಎಷ್ಟಿತ್ತೋ ಅಷ್ಟೇ ಇರುತ್ತದೆ, ಗಾಡಿ ಓಡಿಸುವವರಿಗೆ ಮಾತ್ರ ಧೈರ್ಯ ಬರುತ್ತದೆ.

ಹಾಗಂತ ಮಾತ್ರೆಯೇ ಬೇಡ ಅನ್ನುವವನು ನಾನಲ್ಲ. ಬೆಲ್ಜಿಯಂನಲ್ಲಿ 60 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೀಥೈಲ್‌ಫೆನಿಡೇಟ್ 10 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಟ್ಟರು. ಸುಸ್ತಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಂಡವರು ಸುಮಾರು 17%, ಅಂದರೆ ಆರು ಜನರಲ್ಲಿ ಒಬ್ಬರು. ಗಮನ ಇಡುವುದರಲ್ಲಿ ಗುಣ ಕಂಡವರು ಸ್ವಲ್ಪ ಜಾಸ್ತಿ. 2018ರಲ್ಲಿ ಇದೇ ಔಷಧಿಯನ್ನು ಪೋಷಕಾಂಶಗಳ ಜೊತೆ ಸೇರಿಸಿ 12 ವಾರ ಕೊಟ್ಟ ಇನ್ನೊಂದು ಪ್ರಯೋಗ ಬಂತು. ಅದರಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗೂ ಇದಕ್ಕೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯಂತೂ ಈ ಕಾಯಿಲೆ ವಾಸಿ ಮಾಡುತ್ತದೆ ಅಂತ ಯಾವ ಔಷಧಿಯನ್ನೂ ಕೊಡಬೇಡಿ ಅನ್ನುತ್ತದೆ. ಆದರೆ ಆ ಆರರಲ್ಲಿ ಒಬ್ಬರು ನನ್ನ ಎದುರು ಕೂತವರೇ ಆಗಿರಬಹುದು. ಅದಕ್ಕೇ ನಾನು ಕೆಲವರಿಗೆ ಬರೆದುಕೊಡುತ್ತೇನೆ, ಒಂದು ಕರಾರಿನ ಮೇಲೆ.

ಕರಾರು ಏನೆಂದರೆ, ಮಾತ್ರೆ ಶುರು ಮಾಡುವ ಮೊದಲೇ ದಿನದ ಮಿತಿ ಗೊತ್ತಾಗಬೇಕು. ಎರಡು ವಾರ ಮಾತ್ರೆ ಇಲ್ಲದೆ ಬರೆದಿಡಿ. ಎಷ್ಟು ಹೊತ್ತು ಕೂತರೆ, ಎಷ್ಟು ಮಾತಾಡಿದರೆ, ಎಷ್ಟು ನಡೆದರೆ ಮಾರನೇ ದಿನ ಸರಿ ಇರುತ್ತೀರಿ? ಆ ಅಳತೆಯೇ ನಿಮ್ಮದು. ಮಾತ್ರೆ ಬಂದ ಮೇಲೂ ಅದೇ ಅಳತೆ, ಒಂದು ಮೆಟ್ಟಿಲೂ ಜಾಸ್ತಿ ಬೇಡ. ಕೇಳಿದವರಿಗೆ ಬೇಸರ ಆಗುತ್ತದೆ, ‘ಹಾಗಾದರೆ ಮಾತ್ರೆ ಯಾಕೆ ಡಾಕ್ಟ್ರೇ’ ಅಂತಾರೆ. ಅಷ್ಟೇ ಕೆಲಸ ತಲೆ ಮಂಕಾಗದೆ, ಒದ್ದಾಡದೆ ಆಗಲಿ ಅಂತ. ಮೂರನೇ ದಿನ ಕಳೆದ ಮೇಲೂ ನೀವು ಮೊದಲಿನಷ್ಟೇ ಇದ್ದರೆ ಮಾತ್ರೆ ಒಗ್ಗಿದೆ ಅಂತ ಲೆಕ್ಕ. ಮೊದಲನೇ ದಿನದ ಖುಷಿಯನ್ನು ನಾನು ನಂಬುವುದಿಲ್ಲ.

ಸಂಜೆ ಬರುವ ಇಳಿತವನ್ನೇ ಕೆಲವರು ಕ್ರ್ಯಾಶ್ ಅಂದುಕೊಳ್ಳುತ್ತಾರೆ. ಬೇಗ ಕರಗುವ ಮೀಥೈಲ್‌ಫೆನಿಡೇಟ್ ಕೆಲಸ ಮಾಡುವುದು ಸುಮಾರು 4 ಗಂಟೆ. ಆಮೇಲೆ ಕಿರಿಕಿರಿ, ಮಂಪರು, ತಲೆನೋವು ಬರಬಹುದು. ಅದು ಅದೇ ದಿನ ಬಂದು, ಮಲಗಿ ಎದ್ದರೆ ಹೋಗುತ್ತದೆ. ಕ್ರ್ಯಾಶ್ ಹಾಗಲ್ಲ, ಅದು ತಡವಾಗಿ ಬಂದು ಠಿಕಾಣಿ ಹೂಡುತ್ತದೆ. ಮೊಡಾಫಿನಿಲ್‌ನ ತೊಂದರೆ ಬೇರೆ: ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು 15 ಗಂಟೆಯಷ್ಟು ಬೇಕು. ಬೆಳಗ್ಗೆ 8ಕ್ಕೆ ನುಂಗಿದ್ದು ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ. ಮೊದಲೇ ಸಾಲದ ನಿದ್ದೆ ಇನ್ನಷ್ಟು ಕೆಟ್ಟರೆ ನಾವು ಗಳಿಸಿದ್ದೇನು? ಗರ್ಭನಿರೋಧಕ ಮಾತ್ರೆಯ ಬಲವನ್ನೂ ಮೊಡಾಫಿನಿಲ್ ತಗ್ಗಿಸುತ್ತದೆ, ಮೊಡಾಫಿನಿಲ್ ನಿಲ್ಲಿಸಿದ ಮೇಲೂ ಕೆಲವು ವಾರ. ಇದನ್ನು ಹೇಳುವುದು ಎಷ್ಟೋ ಡಾಕ್ಟರ್‌ಗಳಿಗೆ ಮರೆತುಹೋಗುತ್ತದೆ.

ನಾಡಿಯನ್ನೂ ನೋಡಿಯೇ ನೋಡುತ್ತೇನೆ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ 10 ನಿಮಿಷದವರೆಗೆ. ದೊಡ್ಡವರಲ್ಲಿ ಆ 10 ನಿಮಿಷದೊಳಗೆ ಅದು ನಿಮಿಷಕ್ಕೆ 30 ಬಡಿತ ಅಥವಾ ಇನ್ನೂ ಜಾಸ್ತಿ ಏರಿ, ಇಳಿಯದೆ ಹಾಗೇ ಉಳಿದರೆ ಪಾಟ್ಸ್, ಅಂದರೆ ಎದ್ದು ನಿಂತರೆ ಹೃದಯ ಓಡುವ ತೊಂದರೆ, ಇರಬಹುದು. ಈ ಕಾಯಿಲೆಯವರಲ್ಲಿ ಅದು ಅಪರೂಪವಲ್ಲ. ಮೊದಲೇ ಓಡುವ ಹೃದಯಕ್ಕೆ ಉತ್ತೇಜಕ ಕೊಟ್ಟರೆ ಇನ್ನೂ ಓಡುತ್ತದೆ. ಬಿಪಿ ಜಾಸ್ತಿ ಇದ್ದವರು, ಹೃದಯದ ತೊಂದರೆ, ಗ್ಲಾಕೋಮಾ ಇದ್ದವರು, ಹಿಂದೆ ಮತಿಭ್ರಮೆ ಆದವರು ಅದನ್ನು ಮೊದಲೇ ಹೇಳಬೇಕು. ಎಂಎಒಐ ಜಾತಿಯ ಖಿನ್ನತೆ ಮಾತ್ರೆ ನುಂಗುವವರಿಗೆ ಮೀಥೈಲ್‌ಫೆನಿಡೇಟ್, ಆಂಫೆಟಮೈನ್ ಕೊಡುವ ಹಾಗೇ ಇಲ್ಲ. ಅದನ್ನು ನಿಲ್ಲಿಸಿ 14 ದಿನ ಕಳೆಯಬೇಕು. ಇನ್ನು ಸ್ನೇಹಿತರ ಡಬ್ಬಿಯಿಂದ ಸುಮ್ನೆ ಒಂದು ಮಾತ್ರೆ ಎತ್ತಿ ನೋಡುವವರಿಗೆ ಏನು ಹೇಳಲಿ, ಆ ಸ್ನೇಹಿತರಿಗೆ ಪಾಟ್ಸ್ ಇರಲಿಲ್ಲ.

ಒಂದು ಗುಂಪಿನ ರೋಗಿಗಳಿಗೆ ಮಾತ್ರ ನಾನು ಹೆಚ್ಚು ಹಿಂಜರಿಯದೆ ಬರೆಯುತ್ತೇನೆ. ಅವರಿಗೆ ಎಡಿಎಚ್‌ಡಿಯೂ, ಅಂದರೆ ಚಿಕ್ಕಂದಿನಿಂದಲೇ ಗಮನ ನಿಲ್ಲದ ತೊಂದರೆಯೂ ಇರುತ್ತದೆ. ತಲೆಯ ಮಂಕು ಈ ಕಾಯಿಲೆಯಿಂದ ಶುರುವಾಯಿತೋ, ಚಿಕ್ಕಂದಿನಿಂದಲೇ ಗಮನ ಚೆಲ್ಲಾಪಿಲ್ಲಿಯೋ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಚಿಕ್ಕಂದಿನಿಂದ ಇದ್ದರೆ, ಒಂದು ಫಾರಂ ತುಂಬಲು ಅವರು ಮೂರು ಪಟ್ಟು ಶಕ್ತಿ ಸುರಿಯುತ್ತಿರುತ್ತಾರೆ. ಇಂಥವರಿಗೆ ಮಾತ್ರೆ ನಿಜಕ್ಕೂ ಖರ್ಚು ಉಳಿಸುತ್ತದೆ. ಆದರೂ ಮಿತಿ ಮಿತಿಯೇ.

ನಾಲ್ಕು ವಾರ ನೋಡಿಯೂ ಡೈರಿಯಲ್ಲಿ ಲಾಭ ಕಾಣದಿದ್ದರೆ ನಾನು ನಿಲ್ಲಿಸುತ್ತೇನೆ. ತುಂಬಾ ದಿನ ತೆಗೆದುಕೊಂಡವರು ತಾವೇ ಥಟ್ಟನೆ ಬಿಡಬಾರದು, ಡಾಕ್ಟರಿಗೆ ಹೇಳಿಯೇ ಬಿಡಬೇಕು.

ಆ ನೋಟ್‌ಬುಕ್‌ನವರು ಈಗಲೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಅರ್ಧ, ಬೆಳಗ್ಗೆ ಮಾತ್ರ. ಫೋನ್ ಮಾಡುವುದು ಮಲಗಿಕೊಂಡೇ. ಬೀರುವಿನ ಕೆಲಸ ದಿನಕ್ಕೊಂದು ಖಾನೆ, ಅದೂ ಕುರ್ಚಿ ಹಾಕಿಕೊಂಡು. ಹೋದ ಸಲ ಬಂದಾಗ ಕೆಳಗಿನ ಎರಡು ಇನ್ನೂ ಬಾಕಿ ಇದ್ದವು.