ಕಾಗದದ ಆನೆಗೆ ದುಂಡು ಬೆನ್ನು ಕೊಡುವ ನೀರು

ಒಣ ಕಾಗದ ಮಡಿಸಿ ಆನೆ ಮಾಡಿದರೆ ಬೆನ್ನು ಚಪ್ಪಟೆಯಾಗುತ್ತದೆ, ಅಂಚುಗಳೆಲ್ಲ ಚೂಪು. ಜಪಾನಿನ ಒರಿಗಾಮಿ (ಕಾಗದ ಮಡಿಸುವ ಕಲೆ) ಕಲಾವಿದ ಅಕಿರಾ ಯೋಶಿಜಾವ (1911–2005) ಕಾಗದವನ್ನು ತೇವ ಮಾಡಿ ಮಡಿಸಿದರು. ಅವರ ಗೊರಿಲ್ಲಾದ ಹೆಗಲು ಜೀವವಿದ್ದಂತೆ ತುಂಬಿಕೊಂಡಿರುವುದು ಹಾಗಾಗಿ. 1955ರಲ್ಲಿ ಆಮ್‌ಸ್ಟರ್‌ಡಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು.

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ನಾರನ್ನು ನಾರಿಗೆ ಹಿಡಿದಿಡುವುದರಲ್ಲಿ ಹೈಡ್ರೋಜನ್ ಬಂಧಗಳ, ಅಂದರೆ ಅಣುಗಳ ನಡುವಿನ ಮೆಲು ಸೆಳೆತಗಳ, ಪಾಲು ದೊಡ್ಡದು. ನೀರಿನ ಅಣುಗಳು ನಡುವೆ ನುಗ್ಗಿದರೆ ಆ ಹಿಡಿತ ಸಡಿಲವಾಗಿ ನಾರುಗಳು ಜರುಗುತ್ತವೆ; ಆರಿದಾಗ ಜರುಗಿದ ಜಾಗದಲ್ಲೇ ಮತ್ತೆ ಬಂಧ ಕೂಡಿಕೊಳ್ಳುತ್ತದೆ. ಕಾಗದದೊಳಗಿನ ಅಂಟೂ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಗಂಜಿ ಹಾಕಿದ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದಾಗ ಮಡಿಕೆ ನಿಲ್ಲುವುದೂ ಹೀಗೆಯೇ.

ಝೆರಾಕ್ಸ್ ಕಾಗದ ಇದಕ್ಕೆ ತೀರಾ ತೆಳು. 120ರಿಂದ 180 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಕಾಗದ ಬೇಕು. ಅಂಟಿನಂಶ ಕಡಿಮೆಯಿದ್ದರೆ ಮೀಥೈಲ್ ಸೆಲ್ಯುಲೋಸ್ ಎಂಬ, ನೀರಲ್ಲಿ ಕರಗುವ ಅಂಟಿನ ದ್ರಾವಣ ಬಳಿದು, ಒಣಗಿಸಿ ಬಳಸಬಹುದು. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎರಡೂ ಬದಿ ಒರೆಸಿ. ಒಂದೇ ಬದಿ ಒರೆಸಿದರೆ ಆ ಬದಿ ಹಿಗ್ಗಿ ಹಾಳೆ ಸುರುಳಿಯಾಗುತ್ತದೆ. ಮುಟ್ಟಿದರೆ ತಣ್ಣಗಿರಬೇಕು, ಬಗ್ಗಿಸಿದರೆ ತೊಗಲಿನಂತೆ ಬಗ್ಗಬೇಕು. ಮೇಲ್ಮೈ ಹೊಳೆಯುತ್ತಿದ್ದರೆ ನೀರು ಜಾಸ್ತಿಯಾಗಿದೆ, ಸ್ವಲ್ಪ ಕಾಯಿರಿ. ಆ ಸ್ಥಿತಿಯಲ್ಲೇ ಮಡಿಸಿದರೆ ನಾರು ಎದ್ದು ಮೇಲ್ಮೈ ಜುಂಗಾಗುತ್ತದೆ.

ಹೆಚ್ಚಿನವರು ಎಡವುವುದು ಚೌಕ ಕತ್ತರಿಸುವಲ್ಲಿ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ನೆನೆದ ನಾರು ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಉಬ್ಬುವುದರಿಂದ, ಒಣಗಿದ್ದಾಗ ಅಳೆದು ಕತ್ತರಿಸಿದ ಚೌಕ ತೇವವಾದ ಮೇಲೆ ಚೌಕವಾಗಿ ಉಳಿಯುವುದಿಲ್ಲ, ಮೂಲೆಗೆ ಮೂಲೆ ಕೂಡುವುದಿಲ್ಲ. ಆದ್ದರಿಂದ ಮೊದಲು ತೇವ ಮಾಡಿ, ಆಮೇಲೆ ಕತ್ತರಿಸಿ.

ಮಡಿಕೆಗಳನ್ನು ಉಗುರಿನಿಂದ ತೀಡಬೇಡಿ. ಹಲವು ಮಡಿಕೆ ಸೇರುವ ಬಿಂದುವಿನಲ್ಲಿ ನಾರು ಮೊದಲೇ ದಣಿದಿರುತ್ತದೆ, ಹರಿಯುವುದೂ ಅಲ್ಲೇ. ಹರಿದರೆ ಎಳೆಯದೆ ಒಣಗಲು ಬಿಟ್ಟು, ಅದೇ ಮೀಥೈಲ್ ಸೆಲ್ಯುಲೋಸನ್ನು ಚೂರು ಸವರಿ ಒತ್ತಿಹಿಡಿಯಿರಿ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಿದರೆ ಬಿಸಿ ತಾಗಿದ ಭಾಗ ಮೊದಲು ಕುಗ್ಗಿ ಮೈ ತಿರುಚಿಕೊಳ್ಳುತ್ತದೆ. ಮಾಸ್ಕಿಂಗ್ ಟೇಪು, ಕ್ಲಿಪ್ಪು ಹಾಕಿ ಒಂದು ರಾತ್ರಿ ನೆರಳಲ್ಲಿಡುವುದೇ ಸರಿ.

ಕಿವಿಯನ್ನು ಕೊನೆಗೆ ಉಳಿಸಿಕೊಳ್ಳಿ. ಒದ್ದೆ ಕುಂಚವನ್ನು ಅದರ ಅಂಚಿಗಷ್ಟೇ ಎಳೆದು, ಹೆಬ್ಬೆರಳು ಒಳಗೆ, ಎರಡು ಬೆರಳು ಹೊರಗೆ ಇಟ್ಟು ಮೆಲ್ಲಗೆ ಹೊರಳಿಸಿ. ತಣ್ಣನೆಯ ಸ್ಪರ್ಶ ಹೋಗುವವರೆಗೆ ಬೆರಳು ತೆಗೆಯಬೇಡಿ. ಬಿಟ್ಟಾಗ ಕಿವಿ ಅರ್ಧ ಬೀಸಿ ನಿಂತಿರುತ್ತದೆ.