ಓಪನ್ ಎಂದರೆ ಯಾರಿಗೆ ಕೇಳಿಸುತ್ತದೆ?

ದೋಷ ಸಂಖ್ಯೆ 1073741826. ಒಂದು ರಾತ್ರಿ ನನ್ನ ಪುಟ್ಟ ಪ್ರೋಗ್ರಾಂ ಈ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಸಿದು ಬಿದ್ದಿತ್ತು. ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿದ್ದ ಪ್ರೋಗ್ರಾಂ ಅದು. ಕುತೂಹಲಕ್ಕೆಂದು ಡೆಬಿಯನ್ ಗ್ನು/ಹರ್ಡ್ ಎಂಬ, ಲಿನಕ್ಸ್ ಅಲ್ಲದ ಬೇರೊಂದು ಆಪರೇಟಿಂಗ್ ಸಿಸ್ಟಮ್ ಹಾಕಿದ್ದ ವರ್ಚುವಲ್ ಯಂತ್ರದಲ್ಲಿ ಕಂಪೈಲ್ ಮಾಡಿ ಓಡಿಸಿದ್ದೆ. ತೆರೆಯಬೇಕಿದ್ದ ಫೈಲ್ ಅಲ್ಲಿರಲಿಲ್ಲ, ಅಷ್ಟೆ. ‘ಅಂಥ ಫೈಲ್ ಇಲ್ಲ’ ಎಂದು ಕನ್ನಡದಲ್ಲಿ ಹೇಳಿ ಮುಗಿಸಬೇಕಿತ್ತು. ತಪ್ಪು ನನ್ನದೇ: ದೋಷಗಳಿಗೆ ಕನ್ನಡ ವಾಕ್ಯಗಳ ಪಟ್ಟಿಯೊಂದನ್ನು ಮಾಡಿ, ದೋಷದ ಸಂಖ್ಯೆಯನ್ನೇ ಪಟ್ಟಿಯ ಕ್ರಮಾಂಕವಾಗಿ ಬಳಸಿದ್ದೆ. ಲಿನಕ್ಸ್‌ನಲ್ಲಿ ‘ಫೈಲ್ ಇಲ್ಲ’ ಎಂಬುದರ ಸಂಖ್ಯೆ 2. ಇಲ್ಲಿ ಪಾಪದ ಪ್ರೋಗ್ರಾಂ ನೂರೇಳು ಕೋಟಿ ಚಿಲ್ಲರೆಯ ಸಾಲನ್ನು ಹುಡುಕಿಕೊಂಡು ಹೋಗಿತ್ತು.

ಮರುದಿನ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. “ಇದು ಕಸ ಸರ್, ಎಲ್ಲೋ ಮೆಮೊರಿ ಕೆಟ್ಟಿದೆ” ಎಂದರು. ಕಸವಲ್ಲ. ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) ಬರೆದರೆ ಅದು 40000002. ಕೊನೆಯ 2 ನಮ್ಮ ಹಳೆಯ ಪರಿಚಯದ 2 ತಾನೇ. ಮೊದಲಿನ 4 ಏನು? ಹರ್ಡ್‌ನ ಅಡಿಯಲ್ಲಿರುವ ಮಾಕ್ ಎಂಬ ಮೈಕ್ರೋಕರ್ನಲ್ (ತೀರಾ ಅಗತ್ಯದ ಕೆಲಸಗಳನ್ನಷ್ಟೇ ಇಟ್ಟುಕೊಂಡ ಪುಟ್ಟ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ದೋಷ ಸಂಖ್ಯೆಯ 32 ಬಿಟ್‌ಗಳನ್ನು 6, 12, 14 ಎಂದು ಮೂರು ಪಾಲು ಮಾಡುತ್ತದೆ. ಮೊದಲ ಪಾಲು ದೋಷ ಯಾವ ವರ್ಗದ್ದು ಎಂದು ಹೇಳುತ್ತದೆ, ಎರಡನೆಯದು ಅದರೊಳಗಿನ ಉಪವಿಭಾಗ, ಮೂರನೆಯದು ದೋಷ. ಸಂದೇಶ ಕಳಿಸುವಾಗ ಎಡವಿದರೆ ಹೆಕ್ಸಾಡೆಸಿಮಲ್‌ನಲ್ಲಿ 10000003ರಂಥ ಸಂಖ್ಯೆ ಬರುತ್ತದೆ. ಸರ್ವರ್ ನಡುವೆಯೇ ಸತ್ತರೆ ಮೈನಸ್ 308. ಒಂದು ದೋಷಕ್ಕೆ ತನ್ನ ಊರಿನ ಹೆಸರನ್ನೂ ಹೊತ್ತು ತಿರುಗುವ ಅಗತ್ಯ ಏಕೆ ಬಂತು ಎಂದು ಕೇಳಿದರೆ ಇಡೀ ವಿಷಯ ಬಿಚ್ಚಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ‘ಆಗುವುದಿಲ್ಲ’ ಎನ್ನುವವನು ಒಬ್ಬನೇ, ಕರ್ನಲ್. ಇಲ್ಲಿ ಹಲವರಿದ್ದಾರೆ.

ಲಿನಕ್ಸ್‌ನಲ್ಲಿ ಸಿ ಲೈಬ್ರರಿಯ (ಪ್ರೋಗ್ರಾಂಗೂ ಕರ್ನಲ್‌ಗೂ ನಡುವೆ ಕೂತ ಸಿದ್ಧ ಕೋಡಿನ ಸಂಗ್ರಹದ), ಫೈಲ್ ತೆರೆಯುವ ‘ಓಪನ್’ ಮಾಡುವ ಕೆಲಸ ತೀರಾ ಕಡಿಮೆ. 64 ಬಿಟ್‌ನ ಇಂಟೆಲ್ ಮಾದರಿಯ ಯಂತ್ರದಲ್ಲಿ ಒಂದು ರಿಜಿಸ್ಟರಿಗೆ 257 ಎಂಬ ಸಂಖ್ಯೆ ತುಂಬುತ್ತದೆ, ಉಳಿದವುಗಳಿಗೆ ಫೈಲಿನ ಹೆಸರು ಮೊದಲಾದವನ್ನು ತುಂಬಿ ಒಂದು ಸೂಚನೆಯಲ್ಲಿ ಕರ್ನಲ್‌ನೊಳಗೆ ಜಿಗಿಯುತ್ತದೆ. ಹಾದಿ ಹುಡುಕುವುದು, ಅನುಮತಿ ನೋಡುವುದು, ಡಿಸ್ಕ್ ಓದುವುದು ಎಲ್ಲವೂ ಒಳಗಿನ ಕೆಲಸ. ಉಪನೋಂದಣಿ ಕಚೇರಿಯ ಕಿಟಕಿಯಲ್ಲಿ ಅರ್ಜಿ ತೂರಿಸಿ ಕೈಕಟ್ಟಿ ನಿಂತವನ ಹಾಗೆ ಲೈಬ್ರರಿ ಕಾಯುತ್ತದೆ.

ಮೈಕ್ರೋಕರ್ನಲ್‌ನಲ್ಲಿ ಆ ಕಿಟಕಿಯೇ ಇಲ್ಲ. 1985ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಮಾಕ್‌ಗೆ ಗೊತ್ತಿರುವುದು ಟಾಸ್ಕ್ (ಪ್ರೋಗ್ರಾಂ ಓಡುವ ಆವರಣ), ಥ್ರೆಡ್ (ಅದರೊಳಗೆ ಓಡುವ ಎಳೆ), ಮೆಮೊರಿ, ಪೋರ್ಟ್ (ಸಂದೇಶ ಹಾಕುವ ಅಂಚೆಪೆಟ್ಟಿಗೆ), ಸಂದೇಶ. ‘ಫೈಲ್’ ಎಂಬ ಮಾತೇ ಅದಕ್ಕೆ ಅಪರಿಚಿತ. 1990ರಲ್ಲಿ ಗ್ನು ಯೋಜನೆ ಅದರ ಮೇಲೆ ಹರ್ಡ್ ಕಟ್ಟಲು ಹೊರಟಾಗ ಫೈಲ್ ವ್ಯವಸ್ಥೆ, ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಲೆಕ್ಕ, ಬಳಕೆದಾರನ ಗುರುತು ಎಲ್ಲವನ್ನೂ ಬೇರೆ ಬೇರೆ ಸರ್ವರ್‌ಗಳಿಗೆ ಹಂಚಿತು. ಆ ಸರ್ವರ್‌ಗಳೂ ನಮ್ಮ ನಿಮ್ಮ ಪ್ರೋಗ್ರಾಂಗಳಂತೆ ಸಾಧಾರಣ ಪ್ರೊಸೆಸ್‌ಗಳೇ. ಹಾಗಾದರೆ ಯುನಿಕ್ಸ್, ಅಂದರೆ ಲಿನಕ್ಸ್ ಕೂಡ ಅನುಸರಿಸುವ ಆ ಹಳೆಯ ಮಾದರಿ, ಎಲ್ಲಿದೆ? ಬಹುಪಾಲು ಸಿ ಲೈಬ್ರರಿಯಲ್ಲಿ, ಅಂದರೆ ನಮ್ಮದೇ ಪ್ರೊಸೆಸ್‌ನ ಮೆಮೊರಿಯಲ್ಲಿ. ಕಿಟಕಿಯ ಮುಂದೆ ನಿಂತಿದ್ದವನು ಇಲ್ಲಿ ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಕೂತ ಪತ್ರ ಬರಹಗಾರನಾಗಿದ್ದಾನೆ. ಅರ್ಜಿ ಬರೆಯುತ್ತಾನೆ, ನಾಲ್ಕು ಕಚೇರಿ ಅಲೆಯುತ್ತಾನೆ, ಕಕ್ಷಿದಾರನ ಕಾಗದಗಳನ್ನೆಲ್ಲ ತನ್ನ ಚೀಲದಲ್ಲೇ ಇಟ್ಟುಕೊಂಡಿರುತ್ತಾನೆ.

‘/ಹೋಮ್/ಲೆಕ್ಕ’ ಎಂಬ ಫೈಲನ್ನು ತೆರೆಯಿರಿ ಎಂದು ಕೇಳಿದೆವು ಎನ್ನೋಣ. ಲೈಬ್ರರಿ ಮೊದಲು ನೋಡುವುದು ಹೆಸರಿನ ಮೊದಲ ಚಿಹ್ನೆಯನ್ನು. ಓರೆಗೆರೆ ಇದ್ದರೆ ಚೀಲದಿಂದ ‘ರೂಟ್’ ಪೋರ್ಟನ್ನು ತೆಗೆಯುತ್ತದೆ, ಇಲ್ಲದಿದ್ದರೆ ‘ಸದ್ಯದ ಡೈರೆಕ್ಟರಿ’ ಪೋರ್ಟನ್ನು. ಆ ಪೋರ್ಟಿಗೆ ‘ಹೋಮ್/ಲೆಕ್ಕ ಎಂಬುದನ್ನು ಹುಡುಕಿಕೊಡಿ’ ಎಂದು ಸಂದೇಶ ಹೋಗುತ್ತದೆ. ಸಂದೇಶ ಕಟ್ಟುವ ಕೋಡನ್ನು ಯಾರೂ ಕೈಯಿಂದ ಬರೆದಿಲ್ಲ. ಮಿಗ್ ಎಂಬ ಸಾಧನ ಕರಾರುಪತ್ರದಂಥ ಒಂದು ವಿವರಣೆಯನ್ನು ಓದಿ ಅದನ್ನು ಸೃಷ್ಟಿಸಿರುತ್ತದೆ. ಆ ತುದಿಯಲ್ಲಿ ಕೇಳಿಸಿಕೊಳ್ಳುವುದು ಎಕ್ಸ್ಟ್2 ಫೈಲ್ ವ್ಯವಸ್ಥೆಯ ಸರ್ವರ್.

ಸ್ವಾರಸ್ಯ ಉತ್ತರದಲ್ಲಿದೆ. ಹೋಮ್ ಎಂಬಲ್ಲಿ ಬೇರೊಂದು ಸರ್ವರ್ ಕೂತಿದ್ದರೆ ಮೊದಲನೆಯದು ತಾನೇ ಮುಂದುವರಿದು ಹುಡುಕುವುದಿಲ್ಲ. ‘ಇಗೋ ಅವರ ಪೋರ್ಟ್, ಇನ್ನೂ ಲೆಕ್ಕ ಎಂಬಷ್ಟು ಹೆಸರು ಬಾಕಿ ಇದೆ, ಅಲ್ಲಿ ಹೋಗಿ ಗುರುತು ತೋರಿಸಿ ಮತ್ತೆ ಕೇಳಿ’ ಎಂದು ಮರಳಿಸುತ್ತದೆ. ಲೈಬ್ರರಿ ಈಗ ಆ ಹೊಸ ಸರ್ವರ್‌ಗೂ ಆಥ್ ಎಂಬ ಗುರುತಿನ ಸರ್ವರ್‌ಗೂ ಒಂದೇ ಸಂಕೇತ ಪೋರ್ಟನ್ನು ಕೊಡುತ್ತದೆ. ಅವರಿಬ್ಬರು ಪರಸ್ಪರ ತಾಳೆ ನೋಡಿಕೊಂಡ ಮೇಲೆ ನಮ್ಮ ಬಳಕೆದಾರ ಸಂಖ್ಯೆಗೆ ಸಲ್ಲುವ ಹೊಸ ಪೋರ್ಟ್ ಸಿಗುತ್ತದೆ. ಮತ್ತೆ ಹುಡುಕಾಟ. ಬಾಕಿ ಹೆಸರು ಖಾಲಿಯಾಗುವವರೆಗೂ ಈ ಸುತ್ತು ನಿಲ್ಲುವುದಿಲ್ಲ. ದಾರಿಯಲ್ಲಿ ರೂಟ್‌ನಿಂದ ಆರಂಭವಾಗುವ ಸಿಂಬಾಲಿಕ್ ಲಿಂಕ್ (ಬೇರೊಂದು ಹಾದಿಯನ್ನು ತೋರಿಸುವ ಹೆಸರು) ಸಿಕ್ಕರೆ ಸರ್ವರ್ ಕೈಚೆಲ್ಲಿ ‘ನಿಮ್ಮ ರೂಟ್ ಯಾವುದೋ ನಮಗೆ ಗೊತ್ತಿಲ್ಲ, ನೀವೇ ಅಲ್ಲಿಂದ ಶುರು ಮಾಡಿ’ ಎನ್ನುತ್ತದೆ. ನಿಜವೇ. ರೂಟ್ ಯಾವುದೆಂಬುದು ಪ್ರತಿ ಪ್ರೊಸೆಸ್‌ನ ಚೀಲದಲ್ಲಿರುವ ಖಾಸಗಿ ಸಂಗತಿ.

ಕೊನೆಗೆ ಸಿಕ್ಕ ಪೋರ್ಟನ್ನು ಲೈಬ್ರರಿ ತನ್ನ ಪಟ್ಟಿಯ ಖಾಲಿ ಜಾಗದಲ್ಲಿಟ್ಟು ಆ ಜಾಗದ ಸಂಖ್ಯೆಯನ್ನು, 3 ಎನ್ನೋಣ, ನಮಗೆ ಕೊಡುತ್ತದೆ. ಈ 3 ಕರ್ನಲ್‌ಗೆ ಗೊತ್ತಿಲ್ಲ, ಸರ್ವರ್‌ಗೂ ಗೊತ್ತಿಲ್ಲ. ಫೈಲ್ ಡಿಸ್ಕ್ರಿಪ್ಟರ್ ಎಂದು ನಾವು ಪಾಠ ಕಲಿತದ್ದು ಇಲ್ಲಿ ಲೈಬ್ರರಿಯೊಳಗಿನ ಒಂದು ಅರೇ, ಅಷ್ಟೇ. ಡೈರೆಕ್ಟರಿ ಬದಲಿಸುವುದೂ ಹಾಗೆಯೇ: ಹೊಸ ಡೈರೆಕ್ಟರಿಯ ಪೋರ್ಟ್ ಪಡೆದ ಮೇಲೆ ಚೀಲದಲ್ಲಿ ಹಳೆಯದರ ಜಾಗಕ್ಕೆ ಅದನ್ನು ಇಟ್ಟರಾಯಿತು, ಯಾರಿಗೂ ವರದಿ ಮಾಡಬೇಕಿಲ್ಲ.

ಇದೆಲ್ಲ ಓದಿ ‘ಎಷ್ಟು ಸೊಗಸು’ ಎನ್ನುವವರಿಗೆ ನಾನು ‘ಫೋರ್ಕ್’ ತೋರಿಸುತ್ತೇನೆ. ಲಿನಕ್ಸ್‌ನಲ್ಲಿ ಪ್ರೊಸೆಸ್ಸನ್ನು ಎರಡಾಗಿಸುವ ಮುಖ್ಯ ಕೆಲಸ ಕರ್ನಲ್‌ನದು. ಮಾಕ್‌ನಲ್ಲಿ ಹೊಸ ಟಾಸ್ಕ್ ಸೃಷ್ಟಿಸಿದರೆ ಮೆಮೊರಿಯೇನೋ ನಕಲಾಗುತ್ತದೆ, ಪೋರ್ಟುಗಳು ತಾವಾಗಿ ಬರುವುದಿಲ್ಲ. ಕರೆದ ಥ್ರೆಡ್ಡೂ ಬರುವುದಿಲ್ಲ. ಮಗುವಿನ ತಲೆಯಲ್ಲಿ ತಾಯಿಯ ನೆನಪೆಲ್ಲ ಇದೆ, ಕೈ ಮಾತ್ರ ಖಾಲಿ. ಹಾಗಾಗಿ ಜಿಲಿಬ್‌ಸಿ (ಗ್ನುವಿನ ಸಿ ಲೈಬ್ರರಿ) ತನ್ನ ಬೀಗಗಳನ್ನು ಒಂದೊಂದಾಗಿ ಹಾಕಿಕೊಂಡು, ತನ್ನ ಎಲ್ಲ ಪೋರ್ಟುಗಳ ಹೆಸರುಗಳನ್ನು ಕರ್ನಲ್‌ನಿಂದ ಪಡೆದು, ಒಂದೊಂದನ್ನೂ ‘ಇದನ್ನು ಮಗುವಿಗೆ ಕೊಡಬೇಕೇ, ಕೊಟ್ಟರೆ ಯಾವ ರೂಪದಲ್ಲಿ’ ಎಂದು ವಿಚಾರಿಸಿ ಅದೇ ಹೆಸರಿನಲ್ಲಿ ಆ ಕಡೆ ಸೇರಿಸುತ್ತದೆ. ಗುರುತಿನ ಪೋರ್ಟ್ ಹಾಗೇ ಹೋಗಬಹುದು, ‘ನಾನು’ ಎಂಬ ಟಾಸ್ಕ್ ಪೋರ್ಟ್ ಹಾಗೇ ಹೋದರೆ ಮಗು ತಾಯಿಯನ್ನೇ ತಾನೆಂದುಕೊಳ್ಳುತ್ತದೆ. ಬಳಿಕ ಮಗುವಿಗೆ ಎರಡು ಥ್ರೆಡ್ ಮಾಡಿ, ಪ್ರೊಸೆಸ್ ಸರ್ವರ್‌ಗೆ ‘ಇದು ನನ್ನ ಕೂಸು’ ಎಂದು ತಿಳಿಸಬೇಕು. ನೂರಾರು ಸಾಲಿನ ಈ ಕೋಡನ್ನು ನಾನು ಮೂರು ಸಲ ಓದಿದ್ದೇನೆ. ಮೂರನೆಯ ಸಲವೂ ಕಾಗದ ಪೆನ್ಸಿಲ್ ಬೇಕಾಯಿತು. ಗೂಗಲ್‌ನ ಫ್ಯೂಷಾ ಎಂಬ ಆಪರೇಟಿಂಗ್ ಸಿಸ್ಟಮ್ ಫೋರ್ಕನ್ನು ಇಟ್ಟುಕೊಳ್ಳದೆ ಕೈಬಿಟ್ಟದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಎರಡು ಥ್ರೆಡ್ ಏಕೆ? ಹರ್ಡ್‌ನಲ್ಲಿ ‘ನಮಸ್ಕಾರ’ ಎಂದು ಮುದ್ರಿಸುವ ಪ್ರೋಗ್ರಾಮನ್ನು ಡೀಬಗರ್‌ನಲ್ಲಿ ತೆರೆದರೂ ಎರಡು ಥ್ರೆಡ್ ಕಾಣುತ್ತವೆ. ಹೊಸಬರು ಗಾಬರಿಯಾಗುವ ಜಾಗ ಇದು. ಎರಡನೆಯದನ್ನು ಲೈಬ್ರರಿ ಹುಟ್ಟುಹಾಕಿದೆ, ಸಿಗ್ನಲ್‌ಗಳಿಗಾಗಿ, ಎಂದರೆ ಒಂದು ಪ್ರೊಸೆಸ್‌ಗೆ ಹೊರಗಿನಿಂದ ಬರುವ ‘ನಿಲ್ಲು’, ‘ಸಾಯಿ’ ಎಂಬಂಥ ಸೂಚನೆಗಳಿಗಾಗಿ. ಮಾಕ್‌ಗೆ ಸಿಗ್ನಲ್ ಎಂದರೇನೆಂದು ತಿಳಿಯದು. ನೀವು ಇನ್ನೊಂದು ಪ್ರೊಸೆಸ್‌ಗೆ ಸಿಗ್ನಲ್ ಕಳಿಸಿದರೆ ನಿಮ್ಮ ಲೈಬ್ರರಿ ಪ್ರೊಸೆಸ್ ಸರ್ವರ್‌ನಿಂದ ಅದರ ಸಂದೇಶ ಪೋರ್ಟ್ ಪಡೆದು ಅಲ್ಲಿಗೆ ಸಂದೇಶ ಹಾಕುತ್ತದೆ. ಆ ಕಡೆಯ ಲೈಬ್ರರಿಯ ಸಿಗ್ನಲ್ ಥ್ರೆಡ್ ಅದನ್ನು ಓದಿ, ಮುಖ್ಯ ಥ್ರೆಡ್ಡನ್ನು ತಡೆದು, ಅದರ ರಿಜಿಸ್ಟರ್‌ಗಳನ್ನು ತಿದ್ದಿ ಸಿಗ್ನಲನ್ನು ನಿಭಾಯಿಸಲು ಬರೆದಿಟ್ಟ ಹ್ಯಾಂಡ್ಲರ್ ಕಡೆಗೆ ತಿರುಗಿಸುತ್ತದೆ. ಎರಡೂ ಬದಿಯಲ್ಲಿ ಲೈಬ್ರರಿಗಳೇ ಮಾತಾಡಿಕೊಳ್ಳುತ್ತಿವೆ. ಬಲವಂತವಾಗಿ ಕೊಲ್ಲುವ ‘ಕಿಲ್ 9’ ಮಾತ್ರ ಈ ಸೌಜನ್ಯಕ್ಕೆ ಹೊರತು. ಸಾಯಬೇಕಾದವನ ಲೈಬ್ರರಿಗೇ ಸಾವಿನ ಚೀಟಿ ಕೊಟ್ಟು ಕಾಯುವುದು ಮೂರ್ಖತನ ತಾನೇ? ಅದಕ್ಕೆ ಟಾಸ್ಕನ್ನೇ ಕೊನೆಗಾಣಿಸುವ ನೇರ ದಾರಿ ಇದೆ.

ಓದುತ್ತಿರುವಾಗಲೇ ಫೈಲ್ ಸರ್ವರ್ ಸತ್ತುಹೋದರೆ? ಲಿನಕ್ಸ್‌ನ ಕರ್ನಲ್‌ನೊಳಗಿನ ಫೈಲ್ ವ್ಯವಸ್ಥೆಗಳಲ್ಲಿ ಇದಕ್ಕೆ ಸರಿಯಾದ ಸಮಾನ ಸಂದರ್ಭವೇ ಇಲ್ಲ, ಕರ್ನಲ್‌ನ ಫೈಲ್ ವ್ಯವಸ್ಥೆ ಸತ್ತರೆ ನಾವೂ ಅದರ ಜೊತೆಯೇ. ಹರ್ಡ್‌ನಲ್ಲಿ ಮೈನಸ್ 308 ಬರುತ್ತದೆ, ಲೈಬ್ರರಿ ಅದನ್ನು ‘ಈ-ಐ-ಈ-ಐ-ಓ’ ಎಂಬ ದೋಷವಾಗಿ ಬದಲಿಸುತ್ತದೆ. ಅದರ ಅಧಿಕೃತ ವಿವರಣೆ ಇಂಗ್ಲಿಷ್‌ನಲ್ಲಿ ‘ಕಂಪ್ಯೂಟರ್ ಬಾಟ್ ದ ಫಾರ್ಮ್’. ಹೊಲ ಕೊಂಡಿತು ಎಂದಲ್ಲ, ಹೊಗೆ ಹಾಕಿಸಿಕೊಂಡಿತು ಎಂಬಂಥ ಅರ್ಥದ ಆಡುಮಾತು. ಯಾರೋ ನಡುರಾತ್ರಿ ಬರೆದ ತಮಾಷೆ ಇರಬೇಕು. ಆದರೆ ಅದು ಹೇಳುವ ಸಂಗತಿ ಗಂಭೀರ: ನಿಮ್ಮ ಕೋರಿಕೆ ಸರಿಯಾಗಿಯೇ ಇತ್ತು, ಉತ್ತರಿಸಬೇಕಾದವನು ಇಲ್ಲ.

ತರಬೇತಿಗಳಲ್ಲಿ ಪ್ರತಿ ಸಲ ಬರುವ ಪ್ರಶ್ನೆ: ಇಷ್ಟೆಲ್ಲ ನಮ್ಮ ಮೆಮೊರಿಯಲ್ಲೇ ಇದ್ದರೆ ಕಿಡಿಗೇಡಿಯೊಬ್ಬ ಲೈಬ್ರರಿಯನ್ನೇ ತಿದ್ದಿಕೊಂಡು ಪರರ ಫೈಲ್ ಓದಬಹುದಲ್ಲ? ಓದಲಾಗದು. ತನ್ನ ಪಟ್ಟಿಯಲ್ಲಿ ಏನು ಬೇಕಾದರೂ ಗೀಚಿಕೊಳ್ಳಲಿ, ಪೋರ್ಟಿನ ಹಕ್ಕು ಕರ್ನಲ್‌ನ ಕೈಯಲ್ಲಿದೆ, ಗುರುತನ್ನು ಸರ್ವರ್ ನೇರವಾಗಿ ಆಥ್ ಬಳಿ ಕೇಳುತ್ತದೆ. ಪತ್ರ ಬರಹಗಾರ ಸುಳ್ಳು ಬರೆದರೂ ಮೂಲಪತ್ರ ನೋಡುವುದು ನೋಂದಣಾಧಿಕಾರಿಯೇ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಒಂದು ಪ್ರೊಸೆಸ್ ಎಷ್ಟು ಫೈಲ್ ತೆರೆಯಬಹುದು ಎಂಬ ಮಿತಿ ಹರ್ಡ್‌ನಲ್ಲಿ ಲೈಬ್ರರಿಯ ಒಂದು ಚರಾಂಶ ಮಾತ್ರ. ಲೈಬ್ರರಿಯನ್ನು ಬದಿಗೊತ್ತಿ ನೇರ ಸಂದೇಶ ಕಳಿಸುವವನಿಗೆ ಆ ಮಿತಿ ಅನ್ವಯಿಸದು. ಇದನ್ನು ನಾನು ಸಣ್ಣ ಕೊರತೆ ಎಂದು ಭಾವಿಸುವುದಿಲ್ಲ.

ಎಲ್ಲ ಮೈಕ್ರೋಕರ್ನಲ್‌ಗಳ ಲೈಬ್ರರಿಯೂ ಇಷ್ಟು ದಪ್ಪ ಇರಬೇಕೆಂದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಮಿನಿಕ್ಸ್ 3ರಲ್ಲಿ ಡಿಸ್ಕ್ರಿಪ್ಟರ್ ಪಟ್ಟಿ ಫೈಲ್ ಸರ್ವರ್ ಬಳಿ ಇದೆ. ಲೈಬ್ರರಿ ನಿಗದಿತ ಗಾತ್ರದ ಸಂದೇಶ ತುಂಬಿ ಕಳಿಸಿ ಕಾಯುತ್ತದೆ. ಅದರ ಹಳೆಯ ಆವೃತ್ತಿಗಳಲ್ಲಿ ಒಂದು ಜಾಣತನವಿತ್ತು: ಫೈಲಿನ ಹೆಸರು ಕೊನೆಯ ಸೊನ್ನೆಯೂ ಸೇರಿ 14 ಬೈಟ್‌ನೊಳಗಿದ್ದರೆ ಸಂದೇಶದಲ್ಲೇ ತುರುಕುವುದು, ಹೆಚ್ಚಾದರೆ ಹೆಸರಿನ ವಿಳಾಸ ಕೊಟ್ಟು ಸರ್ವರ್ ಬಂದು ನಕಲು ಮಾಡಿಕೊಳ್ಳಲಿ ಎನ್ನುವುದು. ‘ಲೆಕ್ಕ’ ಎಂಬ ನಮ್ಮ ಎರಡಕ್ಷರ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ 15 ಬೈಟ್. ಕನ್ನಡದಲ್ಲಿ ಹೆಸರಿಟ್ಟವರಿಗೆ ಆ ಒಳದಾರಿ ಸಿಗುತ್ತಿದ್ದುದು ಅಪರೂಪ.

ನನ್ನ ಹೊಟ್ಟೆಪಾಡಿನ ಕೆಲಸ ಇದ್ದದ್ದು ಕ್ಯೂಎನ್‌ಎಕ್ಸ್ ಎಂಬ ಇನ್ನೊಂದು ಮೈಕ್ರೋಕರ್ನಲ್ ವ್ಯವಸ್ಥೆಯ ಮೇಲೆ, ವಾಹನಗಳ ಯಂತ್ರಾಂಶಕ್ಕಾಗಿ. ಅಲ್ಲಿ ನಡುದಾರಿ: ಡಿಸ್ಕ್ರಿಪ್ಟರ್ ಸಂಖ್ಯೆಯೇ ಸರ್ವರ್‌ನೊಂದಿಗಿನ ಸಂಪರ್ಕದ ಸಂಖ್ಯೆ, ಅದು ಕರ್ನಲ್‌ಗೂ ಗೊತ್ತು. ‘ರೀಡ್’, ‘ರೈಟ್’ ಎಂದರೆ ಆ ಸಂಪರ್ಕದಲ್ಲಿ ಸಂದೇಶ ಕಳಿಸಿ ಉತ್ತರಕ್ಕೆ ನಿಲ್ಲುವುದು. ಒಮ್ಮೆ ದಾಖಲೆ ಬರೆಯುವ ನಮ್ಮ ಪ್ರೋಗ್ರಾಂ ‘ರೈಟ್’ನಲ್ಲಿ ಸಿಕ್ಕಿಕೊಂಡು ಅಲುಗಾಡದಾಯಿತು. ತಂಡದ ಹುಡುಗ ಎರಡು ದಿನ ಆ ಪ್ರೋಗ್ರಾಮಿನ ಸಾಲು ಸಾಲನ್ನೂ ಜಾಲಾಡಿದ್ದ. “ಕಿಲ್ 9 ಕೊಟ್ಟರೂ ಸಾಯುತ್ತಿಲ್ಲ ಸರ್, ಕರ್ನಲ್‌ನದೇ ದೋಷ” ಎಂದ. ಪ್ರೊಸೆಸ್‌ಗಳ ಸ್ಥಿತಿ ತೋರಿಸುವ ಪಿಡಿನ್ ಓಡಿಸಿ ನೋಡೆಂದೆ. ಸ್ಥಿತಿಯ ಕಾಲಂನಲ್ಲಿ ‘ರಿಪ್ಲೈ’ ಎಂದಿತ್ತು, ಪಕ್ಕದಲ್ಲಿ ಒಂದು ಪ್ರೊಸೆಸ್ ಸಂಖ್ಯೆ. ‘ಸೆಂಡ್’ ಎಂದಿದ್ದರೆ ಸಂದೇಶವನ್ನು ಇನ್ನೂ ಯಾರೂ ಎತ್ತಿಕೊಂಡಿಲ್ಲ ಎಂದರ್ಥ. ‘ರಿಪ್ಲೈ’ ಎಂದರೆ ಎತ್ತಿಕೊಂಡಿದ್ದಾರೆ, ಉತ್ತರ ಕೊಟ್ಟಿಲ್ಲ.

ಆ ಸಂಖ್ಯೆ ನಾವೇ ಬರೆದಿದ್ದ ಸೀರಿಯಲ್ ಪೋರ್ಟ್ ಡ್ರೈವರ್‌ನದು. ಬಫರ್ ತುಂಬಿದಾಗ ಕೋರಿಕೆಯನ್ನು ಸರತಿಗೆ ಹಾಕಿ ಮರೆತುಬಿಡುತ್ತಿತ್ತು. ಅದರ ಮೇಲೆ, ಕಕ್ಷಿದಾರ (ಕೋರಿಕೆ ಕಳಿಸಿದ ಪ್ರೋಗ್ರಾಂ) ಹೊರಡಲು ಹೊರಟರೆ ತನಗೆ ತಿಳಿಸಬೇಕು, ತಾನು ಬಿಡುವವರೆಗೆ ಕಳಿಸಬಾರದು ಎಂದು ಅದು ಕರ್ನಲ್‌ಗೆ ಮೊದಲೇ ಹೇಳಿಟ್ಟಿತ್ತು. ಅಂಥ ಸೂಚನೆ ಬಂದಾಗ ಏನು ಮಾಡಬೇಕೆಂಬ ಕೋಡನ್ನು ಮಾತ್ರ ನಾವು ಬರೆದಿರಲಿಲ್ಲ. ಡ್ರೈವರ್ ತಿದ್ದಿ, ಹಳೆಯದನ್ನು ನಿಲ್ಲಿಸಿ ಹೊಸದನ್ನು ಏರಿಸುವ ಹೊತ್ತಿಗೆ ಸಂಜೆಯಾಗಿತ್ತು. ಹಳೆಯದು ನಿಂತ ಕ್ಷಣದಲ್ಲಿ, ಬೆಳಿಗ್ಗೆಯೇ ಕೊಂದಿದ್ದ ಪ್ರೊಸೆಸ್ ಪಟ್ಟಿಯಿಂದ ಮಾಯವಾಯಿತು.